ಹನ್ನಾಳ ಹಂಡೆಯ ಮಸಿ

ತೆಗ್ವೆನ್ ಬೈನನ್ ತನ್ನ ಎಪ್ಪತ್ತನಾಲ್ಕು ವರ್ಷದ ಜೀವಮಾನದಲ್ಲಿ ಅಬರ್‌ಹೆಲಿಗ್ ಕೋಟೆಗೆ ಒಂದು ಸಲವೂ ಟಿಕೆಟ್ ತೆಗೆದುಕೊಂಡು ಹೋದವಳಲ್ಲ. ಬಾಗಿಲಲ್ಲಿ ಹೊಸಬರು ಯಾರಾದರೂ ಕೂತು ಟಿಕೆಟ್ ಕೇಳಿದರೆ, "ನೀನು ನಿಮ್ಮಮ್ಮನ ಮನೆಗೆ ಹೋಗುವಾಗ ಟಿಕೆಟ್ ತಗೋತೀಯೇನಪ್ಪಾ?" ಎಂದು ಕೇಳಿ ಒಳಗೆ ನಡೆದುಬಿಡುತ್ತಿದ್ದಳು. ಆ ಹೊಸಬ ಬಾಯಿ ತೆರೆಯುವಷ್ಟರಲ್ಲಿ ಹಳಬರು ಅವನ ತೋಳು ಹಿಡಿದು ಕೂರಿಸುತ್ತಿದ್ದರು. ಅವಳು ಹೇಳುತ್ತಿದ್ದುದು ಜಂಬವೂ ಅಲ್ಲ, ತಮಾಷೆಯೂ ಅಲ್ಲ. ಅವಳು ಹುಟ್ಟಿದ್ದು ನಿಜವಾಗಿಯೂ ಕೋಟೆಯ ಒಳಗೆ, ಹೊರಸುತ್ತಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಹನ್ನೊಂದು ಮನೆಗಳ ಸಾಲಿನಲ್ಲಿ, ಐದನೆಯ ಮನೆಯಲ್ಲಿ.

ಊರಲ್ಲಿ ಅವಳ ಹೆಸರು ಗೋಡೆ ತೆಗ್ವೆನ್. ಒಂದೇ ಹೆಸರಿನವರು ಬೀದಿಗೆ ಮೂವರಿರುವ ಊರು ಅದು. ಜನರನ್ನು ಗುರುತಿಸುವುದು ಮನೆಯಿಂದಲೋ ಕಸುಬಿನಿಂದಲೋ. ಬೇಕರಿ ತೆಗ್ವೆನ್ ಬೇರೆ, ಸೇತುವೆ ತೆಗ್ವೆನ್ ಬೇರೆ. ಮನೆ ನೆಲಸಮವಾಗಿ ಅರವತ್ತೈದು ವರ್ಷವಾದರೂ ಇವಳ ಹೆಸರಿನಿಂದ ಗೋಡೆ ಕಳಚಿ ಬೀಳಲಿಲ್ಲ.

ಆ ಕೋಟೆಯ ಸಂಗತಿಯನ್ನು ಅಬರ್‌ಹೆಲಿಗ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇಂಗ್ಲಿಷ್ ದೊರೆಯ ಕಡೆಯವರು ಬಂದು ವೇಲ್ಸ್‌ನ ಜನರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿದ ಕೋಟೆ ಅದು. ಕಲ್ಲು ಹೊತ್ತವರು ಇಲ್ಲಿಯವರು. ಕಟ್ಟಿ ಮುಗಿದ ಮೇಲೆ ಕತ್ತಲಾಗುವ ಮುನ್ನ ಹೊರಗೆ ನಡೆಯಿರಿ ಎನ್ನಿಸಿಕೊಂಡವರೂ ಇಲ್ಲಿಯವರೇ. ಆಮೇಲೆ ದೊರೆಗಳಿಗೆ ಕೋಟೆ ಬೇಡವಾಯಿತು. ಸೂರು ಕುಸಿಯಿತು, ಆಡು ಮೇಯ್ದವು. ಊರಿನ ಬಡವರು ಒಬ್ಬೊಬ್ಬರಾಗಿ ಒಳಗೆ ಬಂದು, ಬಿದ್ದ ಕಲ್ಲನ್ನೇ ಜೋಡಿಸಿ ಮೂರು ಗೋಡೆ ಎಬ್ಬಿಸಿದರು. ನಾಲ್ಕನೆಯ ಗೋಡೆ ಹೇಗೂ ನಿಂತಿತ್ತು. ತಮ್ಮನ್ನು ಹೊರಗಿಡಲು ಎದ್ದ ಗೋಡೆಯನ್ನೇ ಮನೆಯ ಹಿಂಗೋಡೆ ಮಾಡಿಕೊಂಡು ಇನ್ನೂರು ವರ್ಷ ಹೆತ್ತರು, ಬೆಳೆಸಿದರು, ಸತ್ತರು. ಇದಕ್ಕಿಂತ ದೊಡ್ಡ ಗೆಲುವು ಯಾವ ದಂಗೆಗೂ ಸಿಕ್ಕಿರಲಿಲ್ಲ ಎಂದು ತೆಗ್ವೆನ್ ಹೇಳುತ್ತಿದ್ದಳು.

ಅವಳ ಅಪ್ಪ ತಗಡಿನ ಕಾರ್ಖಾನೆಯಲ್ಲಿ ಸತ್ತಾಗ ಅವಳಿಗೆ ಎರಡು ವರ್ಷ. ಮದುವೆಗೆ ಮುಂಚಿನಿಂದಲೇ ಊರಿನ ಬಟ್ಟೆ ಒಗೆಯುತ್ತಿದ್ದ ತಾಯಿ ಹನ್ನಾ ಅದರಲ್ಲೇ ಮಗಳನ್ನು ಸಾಕಿದಳು. ಆ ಮನೆಯಲ್ಲಿ ಎರಡು ಒಲೆ. ಮುಂಗೋಣೆಯದು ಅಡುಗೆಯ ಒಲೆ. ಕಲ್ಲಿದ್ದಲ ಪುಡಿಗೆ ಹೊಳೆಬಾಯಿಯ ಜೇಡಿಮಣ್ಣು ಸೇರಿಸಿ, ಕಾಲಲ್ಲಿ ತುಳಿದು, ಮುದ್ದೆ ಕಟ್ಟಿ ಒಲೆಗೆ ಒಟ್ಟುತ್ತಿದ್ದರು. ಆ ಬೆಂಕಿಗೆ ಹೊಗೆ ಇಲ್ಲ, ಸದ್ದಿಲ್ಲ, ಆರುವುದೂ ಇಲ್ಲ. ಮಲಗುವ ಮುಂಚೆ ಮೇಲೆ ಹಸಿ ಮುದ್ದೆ ಬಳಿದು ನಡುವೆ ಒಂದು ತೂತು ಬಿಟ್ಟರೆ ಬೆಳಗಿನವರೆಗೂ ಕೆಂಪಗೆ ಉಸಿರಾಡುತ್ತಿತ್ತು. ಹನ್ನಾಳ ಅಜ್ಜಿ ಮದುವೆಯಾಗಿ ಬಂದಾಗ ಹೊತ್ತಿಸಿದ ಬೆಂಕಿ ಅದು. ಅದನ್ನು ಆರಲು ಬಿಡುವುದೆಂದರೆ ಆ ಸಾಲಿನ ಹೆಂಗಸರಿಗೆ ಮಗುವನ್ನು ಬೀದಿಯಲ್ಲಿ ಬಿಟ್ಟು ಬಂದಂತೆ.

ಹಿತ್ತಲಿನದು ತಾಮ್ರದ ಹಂಡೆಯ ಒಲೆ, ಬಟ್ಟೆ ಬೇಯಿಸಲು. ಆ ಹಂಡೆಗೆ ಇದ್ದಲು ಸುರಿಯುವಷ್ಟು ತ್ರಾಣ ಹನ್ನಾಳಿಗೆ ಇರಲಿಲ್ಲ. ಒಡೆದ ದೋಣಿಗಳ ಹಲಗೆ, ರೈಲ್ವೆಯವರು ಬಿಸಾಕಿದ ಮರದ ದಿಮ್ಮಿ, ಎಲ್ಲ ಟಾರು ಕುಡಿದ ಕಟ್ಟಿಗೆ. ಅದು ಉರಿದರೆ ಕಪ್ಪು ಹೊಗೆ ಹಂಡೆಯ ಹಿಂದಿನಿಂದ ಎದ್ದು ಕೋಟೆಯ ಗೋಡೆಯನ್ನು ತಬ್ಬಿಕೊಂಡೇ ಮೇಲೇರುತ್ತಿತ್ತು. ಇಪ್ಪತ್ತು ವರ್ಷ ವಾರಕ್ಕೆ ಐದು ದಿನ ಏರಿದ ಹೊಗೆ ಎರಡಾಳೆತ್ತರದ ಮಸಿಯಾಗಿ ಕಲ್ಲಿನೊಳಕ್ಕೆ ಇಳಿದಿತ್ತು. "ಊರಿನ ಕೊಳೆಯೆಲ್ಲ ಬಿಡಿಸ್ತೀನಿ, ನನ್ನ ಮನೆ ಗೋಡೆದೊಂದು ಬಿಡಿಸೋಕೆ ಪುರುಸೊತ್ತಿಲ್ಲ," ಎಂದು ಹನ್ನಾ ನಗುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಹಳೆಯ ಕೋಟೆಗಳನ್ನು ನೋಡಿಕೊಳ್ಳುವ ಸರ್ಕಾರದ ಕೋಟೆ ಕಚೇರಿಯವರು ಬಂದರು. ಟೋಪಿ ಹಾಕಿಕೊಂಡ ಇಬ್ಬರು, ಕೈಯಲ್ಲಿ ಅಳತೆಯ ಟೇಪು. ಕೋಟೆಯ ಅಂದ ಈ ಗೂಡುಗಳಿಂದ ಕೆಟ್ಟಿದೆ, ಜನ ದೂರದಿಂದ ಬಂದು ನೋಡಬೇಕಾದ ಗೋಡೆ ಕಾಣುತ್ತಿಲ್ಲ ಎಂದರು. ಗೂಡು ಎಂಬ ಮಾತನ್ನು ಒಂಬತ್ತು ವರ್ಷದ ತೆಗ್ವೆನ್ ಕಿವಿಯಾರೆ ಕೇಳಿದಳು. ಮೂರು ತಿಂಗಳಲ್ಲಿ ಹನ್ನೊಂದು ಮನೆಯೂ ಖಾಲಿಯಾಯಿತು. ಗುಡ್ಡದ ಮೇಲೆ ಸರ್ಕಾರಿ ಮನೆ ಕೊಟ್ಟರು, ಅದನ್ನು ಇಲ್ಲವೆನ್ನುವಂತಿಲ್ಲ. ಹನ್ನಾ ಕಬ್ಬಿಣದ ಬಕೆಟ್ಟಿನಲ್ಲಿ ತನ್ನ ಬೆಂಕಿಯನ್ನು ಹೊತ್ತು ಆ ಗುಡ್ಡ ಹತ್ತಿದಳು. ಹೊಸ ಮನೆಯ ಒಲೆ ಅಂಗೈಯಷ್ಟಗಲ, ಹೊಳೆಯುವ ಹೆಂಚಿನದು. ಮುದ್ದೆಯ ಬೆಂಕಿಗೆ ಅದರಲ್ಲಿ ಜಾಗವಿರಲಿಲ್ಲ. ಮೂರನೆಯ ದಿನ ಆರಿಹೋಯಿತು. ಗಂಡ ಸತ್ತಾಗ ಬಿಕ್ಕದವಳು ಅಂದು ಬೂದಿಯ ಮುಂದೆ ಕೂತು ಗೊಳೋ ಎಂದು ಅತ್ತಳು. ತೆಗ್ವೆನ್‌ಗೆ ಕೋಟೆ ಕಚೇರಿಯ ಮೇಲಿನ ಸಿಟ್ಟು ಹುಟ್ಟಿದ್ದು ಆ ದಿನ. ಆಮೇಲೆ ಅದು ಆರಲಿಲ್ಲ.

ಸಿಟ್ಟು ಹೊತ್ತುಕೊಂಡೇ ಅವಳು ಬಾಳಿದಳು, ಚೆನ್ನಾಗಿಯೇ ಬಾಳಿದಳು. ತನ್ನಂತೆಯೇ ಬೈನನ್ ಹೆಸರಿನವನಾಗಿದ್ದ ರೈಲಿನ ಗಾರ್ಡು ಎಲ್ವಿನ್‌ನನ್ನು ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು. ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತನಾಲ್ಕು ವರ್ಷ ಕುರಿಮಾಂಸ, ಗೆಡ್ಡೆ, ಈರುಳ್ಳಿಸೊಪ್ಪಿನ ಸಾರು ಕುದಿಸಿದಳು. ತಟ್ಟೆಯಲ್ಲಿ ಬಿಟ್ಟವರನ್ನು ಆಡಲು ಬಿಡುತ್ತಿರಲಿಲ್ಲ. ಸುಳ್ಳು ಹೇಳಿದವರನ್ನು ಮಾತಾಡಿಸುತ್ತಿರಲಿಲ್ಲ. ಇಂದು ಅಬರ್‌ಹೆಲಿಗ್‌ನ ಪೊಲೀಸ್‌ನಿಂದ ಪಾದ್ರಿಯವರೆಗೆ ಎಲ್ಲರೂ ಅವಳ ಸೌಟಿಗೆ ಹೆದರಿ ಬೆಳೆದವರೇ. ವಾರಕ್ಕೊಮ್ಮೆ ಕೋಟೆಯೊಳಗೆ ಹೋಗಿ, ಈಗ ಹುಲ್ಲುಹಾಸಾಗಿರುವ ಜಾಗದಲ್ಲಿ ನಿಂತು, ಗೋಡೆಯ ಮಸಿಗೆ ಅಂಗೈ ಒತ್ತಿ ಬರುತ್ತಿದ್ದಳು. ಹನ್ನೊಂದು ಮನೆಗಳಲ್ಲಿ ಉಳಿದದ್ದು ಅದೊಂದೇ. ಎಪ್ಪತ್ತರ ದಶಕದಲ್ಲಿ ಕಚೇರಿಯವರು ಗೋಡೆ ತೊಳೆಸಿದಾಗ ಉಳಿದ ಹತ್ತು ಮನೆಗಳ ಮಬ್ಬು ಗುರುತು ನೀರಿಗೇ ಹೋಗಿತ್ತು. ಹನ್ನಾಳದು ಟಾರಿನ ಮಸಿ, ಜಪ್ಪಯ್ಯ ಅಂದರೂ ಹೋಗಲಿಲ್ಲ.

ಹೋದ ವರ್ಷ ವಸಂತದಲ್ಲಿ ಒಂದು ಬುಧವಾರ ಹೋದಾಗ ಮಸಿಯ ಮುಂದೆ ಸರಪಳಿ ಕಟ್ಟಿತ್ತು. ಪಕ್ಕದಲ್ಲಿ ಹೊಸ ಬೋರ್ಡು: "ದಂಗೆಯ ಬೆಂಕಿ. ಆರುನೂರು ವರ್ಷಗಳ ಹಿಂದೆ ಬಂಡುಕೋರರು ಈ ಕೋಟೆಗೆ ಇಟ್ಟ ಬೆಂಕಿಯ ಗುರುತನ್ನು ಇಲ್ಲಿ ಕಾಣಬಹುದು. ದಯವಿಟ್ಟು ಮುಟ್ಟಬೇಡಿ."

ತೆಗ್ವೆನ್ ಎರಡು ಸಲ ಓದಿದಳು. ಮೈಯೆಲ್ಲ ಉರಿದುಹೋಯಿತು. ಕೆಡವಿದ್ದೂ ಇವರೇ, ಮರೆತದ್ದೂ ಇವರೇ, ಈಗ ಅಮ್ಮನ ಹಂಡೆಯ ಹೊಗೆಯನ್ನು ಎತ್ತಿ ಇನ್ಯಾರದೋ ಕೈಗೆ ಕೊಟ್ಟವರೂ ಇವರೇ! ಸರಪಳಿ ದಾಟಿ ಹೋಗಿ ಅಂಗೈ ಒತ್ತಿದಳು. ಪ್ರವಾಸಿಗರೊಬ್ಬರು "ಮುಟ್ಟಬಾರದಂತೆ" ಎಂದು ಬೋರ್ಡು ತೋರಿಸಿದರು. "ಮಗುವಾಗಿದ್ದಾಗ ಇದಕ್ಕೇ ಒರಗಿ ಮೈ ಕಾಯಿಸ್ಕೊಂಡಿದ್ದೀನಿ, ನೀವು ನಿಮ್ಮ ಫೋಟೋ ನೋಡ್ಕೊಳ್ಳಿ," ಎಂದಳು.

ಅಂದೇ ಕಚೇರಿಗೆ ಕಾಗದ ಬರೆದಳು. ತಮ್ಮ ಆಸಕ್ತಿಗೆ ಧನ್ಯವಾದಗಳು ಎಂದು ಉತ್ತರ ಬಂತು. ಎರಡನೆಯದಕ್ಕೂ ಅದೇ. ಆರು ಕಾಗದ ಬರೆದಳು, ಆರು ಧನ್ಯವಾದ ಬಂತು. ಅಷ್ಟರಲ್ಲಿ ಕೋಟೆಯ ಅಂಗಡಿಯಲ್ಲಿ ಆ ಮಸಿಯ ಚಿತ್ರ ಅಚ್ಚು ಹಾಕಿದ ತಟ್ಟೆ ಒರೆಸುವ ಬಟ್ಟೆ ಮಾರಾಟಕ್ಕೆ ಬಂದಿತ್ತು. ಅದನ್ನು ಮೊದಲು ಕಂಡವನು ಡೆಲ್ಮೆ. ಗೋಡೆಸಾಲಿನ ಆರನೆಯ ಮನೆಯವನು, ಇವಳಿಗಿಂತ ಮೂರು ವರ್ಷ ದೊಡ್ಡವನು. ಹೊಳೆಬಾಯಿಯ ಮರಳಲ್ಲಿ ಚಿಪ್ಪು ಹೆಕ್ಕಿ ಸೊಂಟ ಬಾಗಿಸಿಕೊಂಡವನು. ಒಂದು ಬಟ್ಟೆ ಕೊಂಡು ತಂದು ಅವಳ ಅಡುಗೆಮನೆಯ ಮೇಜಿನ ಮೇಲೆ ಹಾಸಿದ.

"ನೋಡೇ ಮಾರಾಯ್ತಿ. ನಿಮ್ಮಮ್ಮ ಆಯುಸ್ಸೆಲ್ಲ ಬಟ್ಟೆಯಿಂದ ಮಸಿ ತೆಗೆದ್ಲು. ಇವರು ಅವಳ ಮಸೀನ ಬಟ್ಟೆ ಮೇಲೆ ಹಾಕಿ ಮಾರ್ತಿದ್ದಾರೆ."

ತೆಗ್ವೆನ್ ನಗಲಿಲ್ಲ. ಏಳನೆಯ ಕಾಗದವನ್ನು ಅವನ ಮುಂದೆ ಹಿಡಿದಳು. ಅದು ಅವಳು ಬರೆದದ್ದಲ್ಲ, ಅವಳಿಗೆ ಬಂದದ್ದು. ಕೋಟೆಗಳ ಇತಿಹಾಸ ನೋಡಿಕೊಳ್ಳುವ ಡಾಕ್ಟರ್ ಲಂಬೋರ್ನ್ ಎಂಬ ಹೆಂಗಸು ಮಂಗಳವಾರ ಖುದ್ದಾಗಿ ಬಂದು ಅವಳ ಮಾತು ಕೇಳುವುದಾಗಿ ಬರೆದಿದ್ದಳು.

ಡೆಲ್ಮೆ ಓದಿ ಕಾಗದ ಮಡಿಸಿದ. ಅವನ ಮುಖದ ನಗೆ ಹೋಗಿತ್ತು. "ತೆಗ್ವೆನ್, ಒಂದು ಮಾತು ಹೇಳ್ತೀನಿ, ಸೌಟು ಎತ್ತಬೇಡ. ಅವಳ ಹತ್ರ ಬಾಯಿ ಬಿಡಬೇಡ."

"ಯಾಕೋ?"

"ಆ ಮಸಿ ಉಳಿದಿರೋದು ದಂಗೆ ಬೆಂಕಿ ಅನ್ನೋ ಸುಳ್ಳಿನ ಮೇಲೆ. ನಮ್ಮಮ್ಮಂದು ತೊಳ್ಕೊಂಡು ಹೋದಾಗ ಯಾರಾದ್ರೂ ಕೇಳಿದ್ರಾ? ಇದು ಒಗೆಯೋಳ ಹಂಡೆ ಮಸಿ ಅಂತ ನೀನು ಹೇಳು, ಮಾರನೇ ದಿನ ಉಜ್ಜಿ ಬಿಸಾಕ್ತಾರೆ. ಸುಳ್ಳು ಬೋರ್ಡು ಇದ್ರೆ ಇರ್ಲಿ ಬಿಡು. ನೀನು ಹೋಗಿ ಕೈ ಇಡೋಕೆ ಗೋಡೆ ಕಪ್ಪಗಿದ್ರೆ ಸಾಲ್ದಾ?"

ಅವನ ಮಾತು ಅವಳನ್ನು ಚುಚ್ಚಿತು. ನಾಲ್ಕು ದಿನ ಅದೇ ಯೋಚನೆ. ಡೆಲ್ಮೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಅವಳ ಸಂಕಟ. ಬಾಯಿ ಮುಚ್ಚಿಕೊಂಡರೆ ಮಸಿ ಉಳಿಯುತ್ತದೆ, ಹನ್ನಾ ಉಳಿಯುವುದಿಲ್ಲ. ಬಾಯಿ ಬಿಟ್ಟರೆ ಹನ್ನಾಳ ಹೆಸರು ಒಂದು ಸಲ ಕೇಳಿಸುತ್ತದೆ, ಮಸಿ ಹೋಗುತ್ತದೆ. ಆದರೆ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು ತನ್ನ ಅಮ್ಮನ ವಿಷಯದಲ್ಲೇ ಸುಳ್ಳಿಗೆ ಕಾವಲು ಕೂರುವುದು ಹೇಗೆ? ಬರುವವರೆಲ್ಲ ಯಾರೋ ಈಟಿ ಹಿಡಿದವರನ್ನು ನೆನೆದು ಹೋಗುವಾಗ ಅದರ ಪಕ್ಕದಲ್ಲಿ ತುಟಿ ಹೊಲಿದುಕೊಂಡು ನಿಲ್ಲುವುದು ಅವಳಿಂದಾಗದ ಕೆಲಸ.

ಮಂಗಳವಾರ ಡಾಕ್ಟರ್ ಲಂಬೋರ್ನ್ ಬಂದಳು. ನಲವತ್ತರ ಆಸುಪಾಸು, ಮಳೆಯಂಗಿ, ಮೆಲುದನಿ. ಕೆಟ್ಟವಳಲ್ಲ. ಆದರೆ ಹುಲ್ಲುಹಾಸಿನ ಮೇಲೆ ನಿಂತು ಅವಳು ಕೇಳಿದ ಮೊದಲ ಪ್ರಶ್ನೆಗೇ ತೆಗ್ವೆನ್‌ಗೆ ರೇಗಿತು.

"ಮಿಸೆಸ್ ಬೈನನ್, ನಿಮಗೆ ಆಗ ಒಂಬತ್ತೇ ವರ್ಷ. ನೆನಪು ಅನ್ನೋದು ಒಂದೊಂದ್ಸಲ ನಮಗೆ ಮೋಸ ಮಾಡುತ್ತೆ ಅಲ್ವಾ?"

"ನೋಡಮ್ಮಾ, ಆರುನೂರು ವರ್ಷದ ಹಿಂದೆ ನೀವ್ಯಾರೂ ಇರ್ಲಿಲ್ಲ, ಆದ್ರೂ ಬೋರ್ಡು ಹಾಕಿದ್ರಿ. ನಾನು ಇದ್ದೆ, ನನ್ನ ನೆನಪು ಮೋಸಾನಾ?" ತೆಗ್ವೆನ್ ಬಗ್ಗಿ ಗೋಡೆಯ ಬುಡ ತೋರಿಸಿದಳು. "ಇಲ್ಲಿ ನೋಡಿ, ಎರಡು ತೂತು. ಹಂಡೆಗೆ ಕಬ್ಬಿಣದ ಕಾಲು ಸಿಗಿಸಿದ್ದು. ದಂಗೆ ಮಾಡೋರು ಹಂಡೆ ತಂದಿದ್ರಾ? ಊರಿಗೆಲ್ಲ ಬೆಂಕಿ ಇಟ್ಟೋರು ಇಷ್ಟೇ ಇಷ್ಟಗಲ ಸುಟ್ಟು ಮನೆಗೆ ಹೋದ್ರಾ? ಆ ಕಪ್ಪಿನಲ್ಲಿ ಉಗುರು ಇಟ್ಟು ಮೂಸಿ ನೋಡಿ, ಟಾರು. ದೋಣಿ ಹಲಗೇದು, ರೈಲ್ವೆ ದಿಮ್ಮೀದು. ಆರುನೂರು ವರ್ಷದ ಹಿಂದೆ ಇಲ್ಲಿ ರೈಲು ಓಡ್ತಿತ್ತಾ?"

ಡಾಕ್ಟರ್ ಲಂಬೋರ್ನ್ ಉಗುರಿಡಲಿಲ್ಲ, ಸಣ್ಣ ಚೂರಿಯಿಂದ ಕೆರೆದು ಗಾಜಿನ ಕೊಳವೆಗೆ ಹಾಕಿಕೊಂಡಳು. ಹೋಗುವಾಗ ಕೈಕುಲುಕಿದಳು. ಅವಳ ಮುಖದಲ್ಲಿ ನಾಚಿಕೆ ಇತ್ತು, ಅದನ್ನು ತೆಗ್ವೆನ್ ನೋಡಿದಳು.

ಆರು ವಾರಕ್ಕೆ ಉತ್ತರ ಬಂತು. ತೆಗ್ವೆನ್ ಹೇಳಿದ್ದು ಸರಿ. ಮಸಿ ನೂರು ವರ್ಷವೂ ಹಳೆಯದಲ್ಲ. ತಪ್ಪಾಗಿ ಬರೆದ ಬೋರ್ಡನ್ನು ತೆಗೆಯಲಾಗುವುದು. ಕಚೇರಿ ಅವಳಿಗೆ ಋಣಿ. ಕೊನೆಯ ಸಾಲಿನಲ್ಲಿ ಇಷ್ಟಿತ್ತು: ಮಸಿಗೆ ಐತಿಹಾಸಿಕ ಮಹತ್ವ ಇಲ್ಲವೆಂದು ಖಚಿತವಾದ್ದರಿಂದ ಸೆಪ್ಟೆಂಬರ್ ಎರಡನೆಯ ಸೋಮವಾರ ಗೋಡೆಯನ್ನು ಹಬೆಯಿಂದ ಶುಚಿಗೊಳಿಸಲಾಗುವುದು.

ಡೆಲ್ಮೆ ಓದಿದ. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ, ಅದಕ್ಕೆ ತೆಗ್ವೆನ್ ಜೀವನಪೂರ್ತಿ ಅವನಿಗೆ ಋಣಿಯಾಗಿರಬೇಕು. ಅವಳು ಮಾತ್ರ ಅಡುಗೆಮನೆಯಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿದಳು.

"ಸುಡೋಕೆ ಬಂದೋನಿಗೆ ಬೋರ್ಡು, ಸರಪಳಿ, ಮುಟ್ಟಬೇಡಿ ಅಂತ ಮರ್ಯಾದೆ. ಬಟ್ಟೆ ಬೇಯಿಸ್ದೋಳಿಗೆ ಬ್ರಷ್ಷು! ಒಬ್ಬ ಒಂದು ದಿನ ಬೆಂಕಿ ಇಟ್ರೆ ಇತಿಹಾಸ, ನಮ್ಮಮ್ಮ ಇಪ್ಪತ್ತು ವರ್ಷ ಒಲೆ ಹಚ್ಚಿದ್ರೆ ಕೊಳೆ. ಇದ್ಯಾವ ಸೀಮೆ ನ್ಯಾಯನೋ ಡೆಲ್ಮೆ?"

"ದೊರೆ ಸೀಮೇದು," ಎಂದ ಡೆಲ್ಮೆ.

ಸೆಪ್ಟೆಂಬರ್ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹಬೆಯ ಯಂತ್ರ ಹೊತ್ತ ವ್ಯಾನು ಕೋಟೆಯೊಳಗೆ ಬಂದಾಗ ತೆಗ್ವೆನ್ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಮಸಿಗೆ ಬೆನ್ನು ಕೊಟ್ಟು ಕೂತಿದ್ದಳು. ಮೈಮೇಲೆ ಚರ್ಚಿಗೆ ಹೋಗುವ ಕೋಟು, ಮಡಿಲಲ್ಲಿ ಹೆಣಿಗೆ. ಯಂತ್ರ ನಡೆಸುವವನು ಹಿವೆಲ್, ಐವತ್ತು ವರ್ಷದ ದಪ್ಪ ಆಸಾಮಿ. ಅವಳನ್ನು ಕಂಡದ್ದೇ ಟೋಪಿ ತೆಗೆದ.

"ಮಿಸೆಸ್ ಬೈನನ್, ಸ್ವಲ್ಪ ಆ ಕಡೆ... ಹಬೆ ಬಿಸಿ ಇರುತ್ತೆ."

"ಗೆಡ್ಡೆ ತಿನ್ನದೆ ಮೇಜಿನ ಕೆಳಗೆ ಬಿಸಾಕ್ತಿದ್ದೋನು ನೀನಲ್ವೇನೋ?"

"ಹೌದು ಮಿಸೆಸ್ ಬೈನನ್."

"ಕೂತ್ಕೋ. ಚಹಾ ಕುಡಿ. ನಾನು ಏಳಲ್ಲ."

ಹಿವೆಲ್ ಯಂತ್ರ ಆರಿಸಿ ವ್ಯಾನಿನ ಮೆಟ್ಟಿಲ ಮೇಲೆ ಕೂತ. ಹತ್ತು ಗಂಟೆಗೆ ಡೆಲ್ಮೆ ಒಂದು ಕುರ್ಚಿ ಎಳೆದುಕೊಂಡು ಬಂದು, ತೆಗ್ವೆನ್‌ಳಿಂದ ಬಲಕ್ಕೆ ಏಳು ಹೆಜ್ಜೆ ಎಣಿಸಿ, ತನ್ನ ಅಮ್ಮನ ಒಲೆ ಇದ್ದ ಕಡೆ ಇಟ್ಟ. ಹೆಜ್ಜೆ ಎಣಿಸುವ ಅಗತ್ಯವೇ ಇರಲಿಲ್ಲ, ಜಾಗ ಅವನ ಕಾಲಿಗೇ ಗೊತ್ತಿತ್ತು. ಆಮೇಲೆ ಎರಡನೆಯ ಮನೆಯ ಅಕ್ಕತಂಗಿಯರು ಬಂದರು. ಒಂಬತ್ತನೆಯ ಮನೆಯ ಮುದುಕನನ್ನು ಮೊಮ್ಮಗಳು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ತಂದಳು. ಮಧ್ಯಾಹ್ನದ ಹೊತ್ತಿಗೆ ಗೋಡೆಯುದ್ದಕ್ಕೂ ಏಳು ಕುರ್ಚಿ, ಒಂದೊಂದೂ ಅವರವರ ಒಲೆಯ ಜಾಗದಲ್ಲಿ. ಯಾರೂ ಘೋಷಣೆ ಕೂಗಲಿಲ್ಲ. ಬಟ್ಟೆಗಂಟಿನಿಂದ ಒಣದ್ರಾಕ್ಷಿ ರೊಟ್ಟಿ ತೆಗೆದು ಒಬ್ಬರಿಗೊಬ್ಬರು ದಾಟಿಸಿದರು, ಅರವತ್ತೈದು ವರ್ಷದ ಹಿಂದೆ ನಡುಗೋಡೆಯ ಮೇಲಿಂದ ಉಪ್ಪು ದಾಟಿಸಿದ ಹಾಗೆ. ಪ್ರವಾಸಿಗರು ಗೋಪುರ ಬಿಟ್ಟು ಇವರ ಫೋಟೋ ತೆಗೆದರು.

ಮೂರು ಗಂಟೆಗೆ ಡಾಕ್ಟರ್ ಲಂಬೋರ್ನ್ ದೂರದಿಂದ ಕಾರು ಓಡಿಸಿಕೊಂಡು ಬಂದಳು. ಸಾಲಾಗಿ ಕೂತ ಮುದುಕ ಮುದುಕಿಯರನ್ನು ನೋಡಿ ಹುಲ್ಲುಹಾಸಿನ ನಡುವೆಯೇ ನಿಂತಳು. ಎಡದಿಂದ ಬಲಕ್ಕೆ ಒಮ್ಮೆ ಕಣ್ಣು ಹಾಯಿಸಿದಳು. ಆ ಸಾಲಿನ ಮನೆಗಳು ಎಲ್ಲೆಲ್ಲಿದ್ದವು ಎಂದು ಯಾವ ನಕ್ಷೆಯೂ ಅವಳಿಗೆ ಅಷ್ಟು ಚೆನ್ನಾಗಿ ತೋರಿಸಿರಲಾರದು. ಬಂದು ತೆಗ್ವೆನ್ ಎದುರು ಹುಲ್ಲಿನ ಮೇಲೆ ಮಂಡಿಯೂರಿದಳು.

"ಮಿಸೆಸ್ ಬೈನನ್, ದಯವಿಟ್ಟು ಏಳಿ. ಮಾತಾಡೋಣ."

"ಐವತ್ತೇಳರಲ್ಲಿ ಒಂದ್ಸಲ ಎದ್ದಿದ್ದೀನಿ ಮಗಳೇ. ಟೋಪಿ ಹಾಕ್ಕೊಂಡೋರು ಹೇಳಿದ್ರು, ಎದ್ದೆ. ಆಗ ಎದ್ದಿದ್ದೇ ತಪ್ಪು. ಇನ್ನೊಂದ್ಸಲ ಏಳಲ್ಲ."

ಡಾಕ್ಟರ್ ಲಂಬೋರ್ನ್ ಎದ್ದು ದೂರ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಒಂದೆರಡು ಸಲ ಅವಳ ದನಿ ಏರಿತು. ತಿರುಗಿ ಬಂದಾಗ ಕೈಯಲ್ಲಿ ಪುಸ್ತಕ, ಪೆನ್ನು.

"ಮಸಿ ಇರುತ್ತೆ. ತೊಳೆಯಲ್ಲ. ಹೊಸ ಬೋರ್ಡು ಹಾಕ್ತೀವಿ. ಏನು ಬರೀಬೇಕು, ನೀವೇ ಹೇಳಿ."

ಗೋಡೆಯುದ್ದಕ್ಕೂ ಉಸಿರು ಬಿಟ್ಟ ಸದ್ದು. ಹಿವೆಲ್ ಚಪ್ಪಾಳೆ ತಟ್ಟಲು ಹೋಗಿ ತೆಗ್ವೆನ್ ಮುಖ ನೋಡಿ ಕೈ ಇಳಿಸಿದ. ತೆಗ್ವೆನ್ ಹೆಣಿಗೆಯನ್ನು ಮಡಿಲಲ್ಲಿಟ್ಟಳು.

"ಹನ್ನಾ ಬೈನನ್ ಈ ಜಾಗದಲ್ಲಿ ಇಪ್ಪತ್ತು ವರ್ಷ ಈ ಊರಿನ ಬಟ್ಟೆ ಬೇಯಿಸಿ ಒಗೆದಳು. ಇದು ಅವಳ ಹಂಡೆಯ ಮಸಿ. ಬರ್ಕೊಂಡ್ರಾ?"

"ಬರ್ಕೊಂಡೆ." ಡಾಕ್ಟರ್ ಲಂಬೋರ್ನ್ ಕಣ್ಣು ಒದ್ದೆಯಾಗಿತ್ತು. "ತುಂಬಾ ಚೆನ್ನಾಗಿದೆ."

"ಇನ್ನೂ ಇದೆ. ಅವಳ ಮನೆಯನ್ನೂ ಉಳಿದ ಹತ್ತು ಮನೆಗಳನ್ನೂ ಕೋಟೆ ಕಚೇರಿ ಕೆಡವಿಸಿತು."

ಪೆನ್ನು ನಿಂತಿತು. ಡಾಕ್ಟರ್ ಲಂಬೋರ್ನ್ ತಲೆಯೆತ್ತಿದಳು. "ಅದು... ಮೇಲಿನವರು ಅದನ್ನ ಒಪ್ಪಲ್ಲ, ಮಿಸೆಸ್ ಬೈನನ್. ಮೊದಲನೇದೇ ಸಾಕಲ್ವಾ? ಜನಕ್ಕೆ ಅದೇ ಮನಸ್ಸಿಗೆ ಮುಟ್ಟುತ್ತೆ."

ತೆಗ್ವೆನ್ ಹೆಣಿಗೆ ಕೈಗೆತ್ತಿಕೊಂಡು, ಕುರ್ಚಿಯನ್ನು ಗೋಡೆಗೆ ಇನ್ನೊಂದಿಷ್ಟು ಒತ್ತಿ, ಮುಂದಿನ ಸಾಲು ಹೆಣೆಯತೊಡಗಿದಳು. ಪಕ್ಕದಲ್ಲಿ ಡೆಲ್ಮೆ ಕಾಲು ಚಾಚಿ ಕೂತ. ಉಳಿದ ಐವರೂ ಅಲ್ಲಾಡಲಿಲ್ಲ.